ಮಳೆಯ ಕೊಡಗಿನಲ್ಲಿ ದುಬಾರಿ ಪೆನ್ನು, ಬಣ್ಣದ ಶಾಯಿ: ಕೂಡಿಡುವವರ ಅನುಭವಗಳು

ಪ್ರಶ್ನೆ, ಸೋಮವಾರಪೇಟೆಯಿಂದ:
ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಲ್ಯಾಮಿ ಸಫಾರಿ ಎಂಬ ಸಾಧಾರಣ ಬೆಲೆಯ ಪೆನ್ನಿನಿಂದ ಹತ್ತಿದ ಶಾಯಿ ಪೆನ್ನಿನ ಹುಚ್ಚು ಈಗ ಮಾಂಟ್‌ಬ್ಲಾಂಕ್ 149 ಎಂಬ ದುಬಾರಿ ಪೆನ್ನಿನ ಆಸೆಯವರೆಗೆ ಬಂದಿದೆ. ಇಂಥ ಪೆನ್ನುಗಳನ್ನೂ ಬಣ್ಣಬಣ್ಣದ ಶಾಯಿಗಳನ್ನೂ ಕೂಡಿಡುವುದರಲ್ಲಿ ನಿಮಗೆ ಸಿಗುವ ಸುಖವೇನು, ದುಡ್ಡನ್ನು ಮೊದಲು ಯಾವುದಕ್ಕೆ ಹಾಕಬೇಕು, ನಮ್ಮ ಮಳೆಗಾಲದಲ್ಲಿ ಇವನ್ನು ಕಾಪಾಡುವುದು ಹೇಗೆ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಮಡಿಕೇರಿಯಿಂದ:
ಮೇಷ್ಟ್ರೇ, ಪೆನ್ನಿಗಿಂತ ಮೊದಲು ಶಾಯಿಗೆ, ಶಾಯಿಗಿಂತ ಮೊದಲು ಕಾಗದಕ್ಕೆ ದುಡ್ಡು ಹಾಕಿ. ಸುಖದ ಬಹುಪಾಲು ಇರುವುದು ಅಲ್ಲಿಯೇ. ಸೈಲರ್ ಕಂಪನಿಯ ಯಾಮಾದೊರಿ ಎಂಬ ಹಸಿರು ಬೆರೆತ ನೀಲಿ ಶಾಯಿಯನ್ನೇ ನೋಡಿ. ಶಾಯಿಯನ್ನು ಬೇಗ ಹೀರದ ನಯವಾದ ಕಾಗದದ ಮೇಲೆ, ತುಸು ದಪ್ಪ ನಿಬ್ಬಿನಿಂದ ಬರೆದಾಗ, ಅಕ್ಷರದ ಸುರುಳಿ ಮುಗಿಯುವಲ್ಲಿ ತುಂಬಿ ನಿಂತ ಶಾಯಿ ಆರುತ್ತಾ ಬಂದಂತೆ ಅದರ ಅಂಚಿನಲ್ಲಿ ಕೆಂಪು ಹೊಳಪೊಂದು ಏಳುತ್ತದೆ. ಗಾಢವಾದ ಬಣ್ಣ ಕಾಗದದೊಳಗೆ ಇಳಿಯದೆ ಮೇಲೆಯೇ ಒಣಗುವುದು ಇದಕ್ಕೆ ಕಾರಣ. ಅದೇ ಶಾಯಿಯಲ್ಲಿ ಸಾಮಾನ್ಯ ನೋಟ್‌ಬುಕ್ಕಿನಲ್ಲಿ ಬರೆದರೆ ಈ ಹೊಳಪು ಕಾಣುವುದೇ ಅಪರೂಪ. ನೇರಗೆರೆ ಕಡಿಮೆಯಿದ್ದು ತಿರುವುಗಳೇ ತುಂಬಿರುವ ಕನ್ನಡ ಲಿಪಿಯಲ್ಲಿ ಈ ಆಟ ಇಂಗ್ಲಿಷಿಗಿಂತ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ, ಪಕ್ಷಪಾತವೆಂದರೂ ಬೇಸರವಿಲ್ಲ.

ಆದರೆ ಹೊಳಪಿನ ಶಾಯಿಗೂ ನಮ್ಮ ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಒಣಗಿದಂತೆ ಕಂಡ ಬರಹ ಬೆರಳಿನ ತೇವ ತಾಗಿದರೂ ಕದಡುತ್ತದೆ, ಥಂಡಿ ಹೀರಿದ ಕಾಗದದಲ್ಲಿ ಶಾಯಿ ಎಳೆಎಳೆಯಾಗಿ ಹರಡುತ್ತದೆ. ಆದ್ದರಿಂದ ನಾನು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪೈಲಟ್ ಕಂಪನಿಯ ಇರೊಶಿಜುಕು ಶಾಯಿಗಳನ್ನು ಬಳಸುತ್ತೇನೆ. ಸರಾಗವಾಗಿ ಹರಿಯುವ, ತೊಳೆಯಲು ಸುಲಭವಾದ ಶಾಯಿಗಳವು. ಹೊಸಬರಿಗೂ ಅವೇ ಸೂಕ್ತ. ಒಳ್ಳೆಯ ಕಾಗದವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಚರ್ಮದ ಪೆನ್ನಿನ ಚೀಲಕ್ಕೆ ಬೂಷ್ಟು ಬೇಗ ಹಿಡಿಯುವುದರಿಂದ ಮಳೆಗಾಲದಲ್ಲಿ ಅದು ಬೇಡವೇ ಬೇಡ. ಪೆನ್ನಿನಲ್ಲಿ ಉಳಿದ ಶಾಯಿಯನ್ನು ಬಾಟಲಿಗೆ ಮರಳಿ ಸುರಿಯಬೇಡಿ. ಆ ದಾರಿಯಲ್ಲಿ ಬೂಷ್ಟು ಬಾಟಲಿಯೊಳಗೂ ಸೇರುತ್ತದೆ.

ಸಿದ್ದಾಪುರದಿಂದ:
ನಾನು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲನ್ನು ಬಾಲ್ ಪೆನ್ನಿನಲ್ಲಿ ತುಂಬಿ, ಸಂಜೆಯ ದಿನಚರಿಯನ್ನು ಮಾತ್ರ ಶಾಯಿ ಪೆನ್ನಿನಲ್ಲಿ ಬರೆಯುತ್ತೇನೆ. ನನ್ನ ಒಲವು ರಾಜಮಹೇಂದ್ರಿಯ ರತ್ನಂ ಪೆನ್ನಿನ ಕಡೆಗೆ. ಗಾಂಧೀಜಿಯವರ ಸ್ವದೇಶಿ ಕರೆಯಿಂದ ಹುಟ್ಟಿದ, 1935ರಲ್ಲಿ ಅವರ ಮೆಚ್ಚುಗೆಯ ಪತ್ರವನ್ನೂ ಪಡೆದ ಪೆನ್ನು ಅದು. ಕೈಯಲ್ಲಿ ಕಡೆದ ಎಬೊನೈಟಿನ, ಅಂದರೆ ಗಡಸು ರಬ್ಬರಿನ, ಹಗುರವೂ ಬೆಚ್ಚನೆಯ ಸ್ಪರ್ಶವೂ ಪ್ಲಾಸ್ಟಿಕ್ಕಿಗೆ ಬರುವುದಿಲ್ಲ. ಬಿಸಿಲಿಗೂ ತೇವಕ್ಕೂ ಎಬೊನೈಟಿನ ಕಪ್ಪು ಕಂದುಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ನೀರಿನಲ್ಲಿ ನೆನೆಸಿಡದೆ ಬೇಗ ತೊಳೆದು ಒರೆಸಿಡಿ.

ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತುವವರಿಗೆ ಒಂದು ಮಾತು. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಒತ್ತಡ ಕರಾವಳಿಯದಕ್ಕಿಂತ ಹತ್ತನೇ ಒಂದು ಪಾಲಿಗೂ ಮೀರಿ ಇಳಿದಿರುತ್ತದೆ. ಅರ್ಧ ಖಾಲಿಯಾದ ಪೆನ್ನಿನೊಳಗಿನ ಗಾಳಿ ದಾರಿಯಲ್ಲಿ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ, ಮುಚ್ಚಳ ತೆಗೆದಾಗ ನಿಬ್ಬೆಲ್ಲ ಶಾಯಿಮಯವಾಗಿರುತ್ತದೆ. ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಾಗಿಟ್ಟುಕೊಂಡು ಬನ್ನಿ. ಡ್ರಾಪರಿನಿಂದ ಒಡಲಿಗೇ ಶಾಯಿ ತುಂಬುವ ಪೆನ್ನುಗಳಲ್ಲಿ ಈ ಕಾಟ ಹೆಚ್ಚು.

ವಿರಾಜಪೇಟೆಯಿಂದ:
ಮಡಿಕೇರಿಯ ಅಕ್ಕ ಹೇಳಿದ ಕ್ರಮವನ್ನು ಒಪ್ಪುತ್ತೇನೆ, ಆದರೆ ಮೇಷ್ಟ್ರು ಕೇಳಿದ್ದು 149ರ ವಿಷಯ, ಅದಕ್ಕೆ ಯಾರೂ ಉತ್ತರಿಸಲಿಲ್ಲ. ಅದು 1952ರಲ್ಲಿ ಬಂದ ಮಾದರಿ. 18 ಕ್ಯಾರಟ್ ಚಿನ್ನದ ದೊಡ್ಡ ನಿಬ್ಬು, ಹಿಂಬದಿಯ ತಿರುಪು ತಿರುಗಿಸಿ ಬಾಟಲಿಯಿಂದಲೇ ಶಾಯಿ ಎಳೆದುಕೊಳ್ಳುವ ಪಿಸ್ಟನ್ ವ್ಯವಸ್ಥೆ. ಚಿನ್ನವಿದ್ದ ಮಾತ್ರಕ್ಕೆ ಬರಹ ನಯವಾಗುತ್ತದೆ ಎಂದು ನಂಬಬೇಡಿ, ಏಕೆಂದರೆ ಒಳ್ಳೆಯ ಉಕ್ಕಿನ ನಿಬ್ಬಾದರೂ ಚಿನ್ನದ ನಿಬ್ಬಾದರೂ ಕಾಗದಕ್ಕೆ ತಾಗುವುದು ತುದಿಗೆ ಬೆಸೆದ ಬೇರೊಂದು ಗಡಸು ಮಿಶ್ರಲೋಹದ ಗುಂಡು. ಆ ಗುಂಡನ್ನು ತೀಡಿರುವ ನಾಜೂಕಿನಲ್ಲಿ ನಯವಿದೆ. ಉಳಿದ ಹಣ ಚಿನ್ನಕ್ಕೆ, ಕುಸುರಿಗೆ, ಹೆಸರಿಗೆ ಹೋಗುತ್ತದೆ, ಹೆಸರಿಗೆಂದು ಕೊಡುವುದರಲ್ಲಿ ನಾಚಿಕೆಯೂ ಇಲ್ಲ. ನನ್ನ ಸಂಗ್ರಹದಲ್ಲಿ ನಾನು ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ಪೆಲಿಕಾನ್ ಎಂ800; ಹಿತ್ತಾಳೆಯ ಪಿಸ್ಟನ್ನಿನಿಂದಾಗಿ ಅದರ ತೂಕ ಹಿಂಬದಿಗೆ ವಾಲುತ್ತದೆ, ಕೆಲವರಿಗೆ ಅದೇ ಹಿಡಿಸುವುದಿಲ್ಲ.

149ರ ಒಡಲು ದಪ್ಪ, ಚಿಕ್ಕ ಅಂಗೈಯವರಿಗೆ ಒಗ್ಗದು. ಇನ್ನೊಂದು ತೊಡಕು ಒತ್ತಕ್ಷರದ್ದು. ಯುರೋಪಿನ ಮೀಡಿಯಂ ನಿಬ್ಬು ಸಾಮಾನ್ಯವಾಗಿ ಜಪಾನಿನ ಮೀಡಿಯಂಗಿಂತ ದಪ್ಪಗೆ ಬರೆಯುವುದರಿಂದ, ಸಣ್ಣ ಅಕ್ಷರದವರ ಕೈಯಲ್ಲಿ 'ತ್ಥ', 'ಷ್ಠ' ಮುಂತಾದವುಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಅಂಥವರು ಫೈನ್ ನಿಬ್ಬನ್ನೇ ಕೇಳಬೇಕು. ಬೆಂಗಳೂರಿನ ಅಂಗಡಿಗೆ ಹೋಗುವಾಗ ನಿಮ್ಮ ದಿನಚರಿಯ ಕಾಗದವನ್ನೇ ಒಯ್ದು, ಅರ್ಧ ಪುಟ ಕನ್ನಡ ಬರೆದು ನೋಡುವವರೆಗೂ ಬಿಲ್ ಮಾಡಿಸಬೇಡಿ.