ಕನ್ನಡ ಅಕ್ಷರಕ್ಕೆ ದುಂಡನೆಯ ಔಟ್‌ಲೈನ್: ಒತ್ತಿನ ಹತ್ತಿರ ಗೆರೆ ಕೆಡುತ್ತಿದೆ

ಮಂಡ್ಯ ಮೇಷ್ಟ್ರು:
ಶಾಲೆಯ ‘ಮಕ್ಕಳ ಸಂತೆ’ಗೆ 10×4 ಅಡಿ ಫ್ಲೆಕ್ಸ್ ಮಾಡಿಸಬೇಕು. ಅಕ್ಷರ ಗುಂಡುಗುಂಡಾಗಿ, ಒಳಗೆ ಖಾಲಿ, ಸುತ್ತ ದಪ್ಪ ನೀಲಿ ಗೆರೆ ಇರಬೇಕು. ಹಿಂದೆ ಕಬ್ಬಿನ ಗದ್ದೆಯ ಫೋಟೊ. ಬಾಲೂ ತಮ್ಮ 2 ಅನ್ನೋ ಫಾಂಟ್ ಹಾಕಿ, ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟರೆ ‘ಕ್ಕ’ದ ಒತ್ತು ತಾಗುವ ಕಡೆ ಗೆರೆ ಅಡ್ಡ ಹಾಯುತ್ತೆ, ಅಕ್ಷರವೂ ಸೊರಗುತ್ತೆ. ಇದಕ್ಕೇ ಅಂತ ಬೇರೆ ಔಟ್‌ಲೈನ್ ಫಾಂಟ್ ಬೇಕಾ?

ಗೆರೆಗಾರ:
ಬೇಡ ಮೇಷ್ಟ್ರೇ, ಇದೇ ಸಾಕು. ಏಕ್ ಟೈಪ್ ಅನ್ನೋ ಫಾಂಟ್ ಸಂಸ್ಥೆಯವರ ಈ ಫಾಂಟು ಮೊದಲೇ ದುಂಡಗಿದೆ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಇಂಗ್ಲಿಷ್ ಅಕ್ಷರವೂ ಅದೇ ಮೈಕಟ್ಟಿನಲ್ಲಿದೆ. ಅದರಲ್ಲಿ ಎಕ್ಸ್‌ಟ್ರಾಬೋಲ್ಡ್ (ಅತಿ ದಪ್ಪ) ತಗೊಳ್ಳಿ.

ಹತ್ತನೇ ಒಂದು ಅಳತೆಯಲ್ಲಿ, ಅಂದರೆ 12×4.8 ಇಂಚಿನ ಪುಟದಲ್ಲಿ ಕೆಲಸ ಮಾಡಿ. ಅಕ್ಷರ ಟೈಪಿಸಿ ಆಬ್ಜೆಕ್ಟ್ ಟು ಪಾತ್ ಒತ್ತಿ (ಅಕ್ಷರ ಬರೀ ಆಕಾರವಾಗುತ್ತೆ), ಅನ್‌ಗ್ರೂಪ್ ಮಾಡಿ ಬಿಡಿಬಿಡಿಯಾಗಿಸಿ. ‘ಕ’ ಮತ್ತು ಅದರ ಒತ್ತನ್ನು ಒಟ್ಟಿಗೆ ಆರಿಸಿ ಯೂನಿಯನ್ ಕೊಡಿ, ಎರಡೂ ಸೇರಿ ಒಂದೇ ಆಕಾರವಾಗುತ್ತೆ. ಅಡ್ಡ ಗೆರೆ ಅಲ್ಲಿಗೆ ಹೋಯ್ತು. ಎರಡು ಆಕಾರ ಒಂದರ ಮೇಲೊಂದು ಕೂತಿದ್ದಕ್ಕೇ ಅದು ಕಾಣುತ್ತಿದ್ದದ್ದು.

ಸ್ಟ್ರೋಕ್ ಅರ್ಧ ಒಳಗೆ, ಅರ್ಧ ಹೊರಗೆ ಬೀಳುತ್ತೆ, ಅದಕ್ಕೇ ಅಕ್ಷರ ಸೊರಗೋದು. 1 ಮಿ.ಮೀ. ಗೆರೆ ಕಾಣಬೇಕಾದರೆ 2 ಮಿ.ಮೀ. ಕೊಟ್ಟು, ಆರ್ಡರ್‌ನಲ್ಲಿ ಸ್ಟ್ರೋಕನ್ನು ಫಿಲ್‌ನ (ಒಳಗೆ ತುಂಬಿದ ಬಣ್ಣದ) ಹಿಂದಕ್ಕೆ ಹಾಕಿ. ಜಾಯಿನ್ (ಗೆರೆ ತಿರುಗುವ ಮೂಲೆ) ರೌಂಡ್ ಇರಲಿ, ಮೂಲೆ ಚೂಪಾದರೆ ದುಂಡು ಅಕ್ಷರದ ಮುದ್ದೇ ಹೋಗುತ್ತೆ. ಆದರೆ ಗೆರೆ ‘ಸಂ’ನ ಸೊನ್ನೆಯ ತೂತಿನೊಳಕ್ಕೂ ಬರುತ್ತೆ, ತೂತಿನ ಅಗಲ 2 ಮಿ.ಮೀ. ಕುಗ್ಗುತ್ತೆ. ಮುಚ್ಚಿಕೊಂಡರೆ ಬೋಲ್ಡ್‌ಗೆ ಇಳಿಯಿರಿ, ಗೆರೆ ಸಣ್ಣ ಮಾಡಬೇಡಿ.

ಒಳಗೆ ಪೂರ್ತಿ ಖಾಲಿ ಬಿಡಬೇಡಿ. ಕಬ್ಬಿನ ಸೋಗೆ ಅಕ್ಷರದೊಳಗೆ ಇಣುಕಿದರೆ ದೂರದಿಂದ ಏನೂ ಓದಲಾಗಲ್ಲ. ಬಿಳಿ ತುಂಬಿ.

ಮಂಡ್ಯ ಮೇಷ್ಟ್ರು:
ಅಡ್ಡ ಗೆರೆ ಹೋಯ್ತು ಸರ್. ಈಗ ‘ಕ್ಕ’ದ ಒತ್ತು, ಪಕ್ಕದ ‘ಳ’ ಮಧ್ಯೆ ಕೂದಲೆಳೆಯಷ್ಟು ಸಂದಿ ಉಳಿದಿದೆ.

ಗೆರೆಗಾರ:
ಆ ಸಂದಿ ಪ್ರಿಂಟ್‌ನಲ್ಲಿ ಕೊಳೆ ಥರ ಕಾಣುತ್ತೆ. ಒಂದೋ ಗೆರೆಗಳು ಪೂರ್ತಿ ಕೂಡಲಿ, ಇಲ್ಲವೇ 1 ಮಿ.ಮೀ.ಗಿಂತ ಹೆಚ್ಚು ಜಾಗ ಬಿಡಿ. ನನ್ನ ಕೇಳಿದರೆ ಕೂಡಲಿ, ಮಕ್ಕಳ ಬ್ಯಾನರ್‌ಗೆ ಅಕ್ಷರ ಒಂದಕ್ಕೊಂದು ಒತ್ತಿಕೊಂಡಿದ್ದರೇ ಚೆಂದ. ಸರಿಸುವಾಗ ಅಕ್ಷರ, ಒತ್ತು ಎರಡೂ ಜೊತೆಗೇ ಸರಿಯಬೇಕು.

ಮೈಸೂರು ಪ್ರಿಂಟರ್:
ಅಂಗಡಿಗೆ ಕೊಡುವ ಮುಂಚೆ ಸ್ಟ್ರೋಕ್ ಟು ಪಾತ್ (ಗೆರೆಯನ್ನೂ ಆಕಾರವಾಗಿಸೋದು) ಮರೀಬೇಡಿ. ಫೈಲನ್ನು ಹತ್ತು ಪಟ್ಟು ಹಿಗ್ಗಿಸುವಾಗ ಸ್ಟ್ರೋಕ್ ಜೊತೆಗೆ ಹಿಗ್ಗುವ ಆಯ್ಕೆ ಆಫ್ ಇದ್ದರೆ, 10 ಮಿ.ಮೀ. ಆಗಬೇಕಾದ ಗೆರೆ 1 ಮಿ.ಮೀ.ನಲ್ಲೇ ನಿಂತುಬಿಡುತ್ತೆ. ಪಿಡಿಎಫ್ ಕೊಡಿ, ಅಕ್ಷರವನ್ನು ಅಲ್ಲಿ ಮತ್ತೆ ಟೈಪ್ ಮಾಡಿಸಬೇಡಿ. ಹಳೆಯ ಫೋಟೊಶಾಪ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ (ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಆರಿಸದಿದ್ದರೆ ‘ಕ್ಕ’ ಒಡೆದು ‘ಕ್‌ಕ’ ಆಗುತ್ತೆ.

ಸನ್‌ಬೋರ್ಡ್‌ನಲ್ಲಿ (ಹಗುರ ಫೋಮ್ ಹಲಗೆ) ಕತ್ತರಿಸಿ ನಿಲ್ಲಿಸೋ ಯೋಚನೆ ಇದ್ದರೆ ಬರೀ ಗೆರೆ ಕತ್ತರಿಸಬೇಡಿ, ಸೊನ್ನೆ ಬಿಡಿಯಾಗಿ ಉದುರುತ್ತೆ. ನೀಲಿ ಅಂಚನ್ನು ಇನ್ನಷ್ಟು ಅಗಲಿಸಿ ಇಡೀ ಪದಕ್ಕೆ ಒಂದೇ ಹಲಗೆ ಮಾಡಿ, ಬಿಳಿ ಅಕ್ಷರಗಳನ್ನು ಅದರ ಮೇಲೆ ಅಂಟಿಸಿ.