‘ಅಜ್ಜಿಮನೆ’ ಗುಂಪಿನಲ್ಲಿ 2520

ಶ್ರೀಧರ ದೊಡ್ಡಪ್ಪ: (ಫಾರ್ವರ್ಡ್) 🙏 ಜಗತ್ತಿನ ವಿಚಿತ್ರ ಸಂಖ್ಯೆ 2520! 1ರಿಂದ 10ರವರೆಗೆ ಎಲ್ಲದರಿಂದಲೂ ಭಾಗವಾಗುವ ಸಂಖ್ಯೆ ಇದೊಂದೇ. ವಾರಕ್ಕೆ 7 ದಿನ × ತಿಂಗಳಿಗೆ 30 ದಿನ × ವರ್ಷಕ್ಕೆ 12 ತಿಂಗಳು = 2520. ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್. ಎಲ್ಲರಿಗೂ ಕಳಿಸಿ!

ಮಾಲಿನಿ ಅತ್ತೆ: 🙏🙏 ಮಕ್ಕಳಿಗೆ ತೋರಿಸಬೇಕಾದ್ದು ಇಂಥದ್ದು. ಈಗಿನವರಿಗೆ ಮಗ್ಗಿ ಕೂಡ ಬರಲ್ಲ.

ರಘು: ದೊಡ್ಡಪ್ಪ, ಇದರ ಮೂಲ ಯಾವುದು? ‘ಇದೊಂದೇ’ ಅನ್ನೋದು ತಪ್ಪು. 5040, 7560 ಕೂಡ ಭಾಗವಾಗ್ತವೆ. 2520 ಅವುಗಳಲ್ಲಿ ಅತಿ ಚಿಕ್ಕದು, ಅಂದ್ರೆ 1ರಿಂದ 10ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ).

ಶ್ರೀಧರ ದೊಡ್ಡಪ್ಪ: ನಾನು ಏನು ಹಾಕಿದ್ರೂ ನಿಂಗೆ ಮೂಲ ಬೇಕು.

ರಘು: ರಾಷ್ಟ್ರಗೀತೆಗೆ ಯುನೆಸ್ಕೋ ಪ್ರಶಸ್ತಿ ಅಂತ ಬಂದ ಸುಳ್ಳೂ ಇದೇ ಗುಂಪಿನಲ್ಲಿತ್ತು.

ಶ್ರೀಧರ ದೊಡ್ಡಪ್ಪ: ಅದು ನಾನಲ್ಲ, ಸತೀಶ.

ಸತೀಶ ಮಾವ: ನನಗೆ ಕಳಿಸಿದ್ದೇ ನೀವು ಭಾವ!

ಪಲ್ಲವಿ: ಲ.ಸಾ.ಅ. ಅಂದ ಕೂಡಲೇ ಅಜ್ಜ ನೆನಪಾದ್ರು. ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಎಲ್ಲ ಬಾಯಲ್ಲೇ ಇತ್ತು ಅವರಿಗೆ ❤️

ಸುಮಾ ಚಿಕ್ಕಮ್ಮ: ಮೊದಲು ಲೆಕ್ಕ ನೋಡಿ. 1ರಿಂದ 10ನ್ನು ಪೂರ್ತಿ ಗುಣಿಸಿದ್ರೆ 36,28,800. ಅಷ್ಟು ಬೇಡ. ಪ್ರತಿ ಅವಿಭಾಜ್ಯದ (1 ಮತ್ತು ತನ್ನಿಂದ ಮಾತ್ರ ಭಾಗವಾಗೋ 2, 3, 5, 7) 10ರೊಳಗಿನ ದೊಡ್ಡ ಘಾತ ಮಾತ್ರ ಸಾಕು: 8 (2×2×2), 9 (3×3), 5, 7. 8×9×5×7 = 2520. 6, 10 ಅದರೊಳಗೇ ಇವೆ. ಮಕ್ಕಳು ಎಡವೋದು ಇಲ್ಲೇ, 6 ಬಿಟ್ಟುಹೋಯ್ತು ಅಂತ ಮತ್ತೆ ಗುಣಿಸ್ತಾರೆ. 20ರವರೆಗೆ ಬೇಕಾದ್ರೆ 8ರ ಜಾಗದಲ್ಲಿ 16 ಇಟ್ಟು 11, 13, 17, 19 ಸೇರಿಸಿ: 23,27,92,560.

ಸತೀಶ ಮಾವ: ಮತ್ತೆ ವಾರ, ತಿಂಗಳು, ವರ್ಷದ ಲೆಕ್ಕ?

ರಘು: ಕಾಕತಾಳೀಯ. ತಿಂಗಳಿಗೆ 31 ದಿನ ಹಿಡೀರಿ, 2604 ಬರುತ್ತೆ. 5, 8, 9, 10 ಯಾವುದರಿಂದಲೂ ಹೋಗಲ್ಲ.

ಮಾಲಿನಿ ಅತ್ತೆ: ಹಿರಿಯರು ಪ್ರೀತಿಯಿಂದ ಕಳಿಸಿದ್ದಕ್ಕೆ ಹೀಗಾ ಮಾತಾಡೋದು? ರಾಮಾನುಜನ್‌ಗೂ ಅವಮಾನ.

ಸುಮಾ ಚಿಕ್ಕಮ್ಮ: ಅವಮಾನ ಆಗ್ತಿರೋದು ಈ ಫಾರ್ವರ್ಡ್‌ನಿಂದ, ಅತ್ತಿಗೆ. ಲ.ಸಾ.ಅ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ಗೇ ಗೊತ್ತಿತ್ತು. ತನಗಿಂತ ಚಿಕ್ಕ ಸಂಖ್ಯೆಗಳೆಲ್ಲಕ್ಕಿಂತ ಹೆಚ್ಚು ಭಾಜಕ ಇರೋ ಸಂಖ್ಯೆಗಳ ಮೇಲೆ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧ ಬರೆದರು. ಕೇಂಬ್ರಿಜ್ ಪದವಿ ಸಿಕ್ಕಿದ್ದೂ ಆ ಕೆಲಸಕ್ಕೇ. 2520ಕ್ಕೆ 48 ಭಾಜಕ, ಅದೂ ಆ ಜಾತಿಯದ್ದೇ. ಆ ಪ್ರಬಂಧದಲ್ಲಿ ಅವರು ಕೊಟ್ಟ ಇಂಥ ಸಂಖ್ಯೆಗಳ ಪಟ್ಟಿಯ ಕೊನೇದು 67,46,32,83,88,800. ಅದಕ್ಕೆ 10,080 ಭಾಜಕ!

ಶ್ರೀಧರ ದೊಡ್ಡಪ್ಪ: ನೋಡಿದ್ಯಾ ರಘು? ರಾಮಾನುಜನ್ನೂ ಬಂದ್ರು, 2520ಯೂ ಬಂತು. ನಾನು ಹೇಳಿದ್ದೇ ಸರಿ.

ರಘು: ಅವರು ಕಂಡುಹಿಡಿದದ್ದು ಬೇರೆ, ದೊಡ್ಡಪ್ಪ. ಪಟ್ಟಿಯಲ್ಲಿ ಒಂದು ಬಿಟ್ಟೂ ಹೋಗಿತ್ತು: 2,93,31,86,25,600. ಅದನ್ನ 23ರಿಂದ ಗುಣಿಸಿದ್ರೆ ಸಿಗೋದೇ ಆ ಕೊನೇ ಸಂಖ್ಯೆ.

ಮಾಲಿನಿ ಅತ್ತೆ: ಈಗ ರಾಮಾನುಜನ್ ತಪ್ಪನ್ನೂ ಹುಡುಕ್ತೀಯಾ!

ಪಲ್ಲವಿ: ಚಿಕ್ಕಮ್ಮ, 10,080ನ್ನ ಒಂದೊಂದಾಗಿ ಎಣಿಸಿದ್ರಾ ಅವರು?

ಸುಮಾ ಚಿಕ್ಕಮ್ಮ: ಎಣಿಸೋದು ಬೇಡ. ಆ ಕೊನೇ ಸಂಖ್ಯೆಯನ್ನ ಅವಿಭಾಜ್ಯಗಳ ಗುಣಾಕಾರವಾಗಿ ಬಿಡಿಸಿದ್ರೆ ಅದರಲ್ಲಿ 2 ಆರು ಸಲ, 3 ನಾಲ್ಕು ಸಲ, 5 ಮತ್ತು 7 ಎರಡೆರಡು ಸಲ, 11, 13, 17, 19, 23 ಒಂದೊಂದು ಸಲ ಇವೆ. ದೊಡ್ಡ ಅವಿಭಾಜ್ಯ ಚಿಕ್ಕದಕ್ಕಿಂತ ಹೆಚ್ಚು ಸಲ ಬಂದಿದ್ರೆ ಎರಡರ ಘಾತ ಅದಲುಬದಲು ಮಾಡಿ, ಅಷ್ಟೇ ಭಾಜಕಗಳ ಇನ್ನೂ ಚಿಕ್ಕ ಸಂಖ್ಯೆ ಸಿಗ್ತಿತ್ತು. ಈಗ ಪ್ರತಿ ಘಾತಕ್ಕೂ 1 ಕೂಡಿಸಿ ಗುಣಿಸು, ಯಾಕಂದ್ರೆ ಆ ಅವಿಭಾಜ್ಯವನ್ನ ಭಾಜಕದಲ್ಲಿ ಒಂದು ಸಲವೂ ತಗೊಳ್ಳದೇ ಇರಬಹುದು: 7×5×3×3×2×2×2×2×2 = 10,080. 1 ಕೂಡಿಸೋದು ಮರೆತರೆ ಬರೀ 96 ಬರುತ್ತೆ.