ಗ್ರಂಥಾಲಯದ ಪ್ರದರ್ಶನದಲ್ಲಿ ಜಪಾನಿ ಸೈನಿಕನ ಬಾವುಟ: ಇಡಬಹುದಾ?

ಬದಿಯಡ್ಕ ಓದುಗ:
ಬರ್ಮಾ ಯುದ್ಧಕ್ಕೆ ಹೋಗಿದ್ದ ಸೈನಿಕರೊಬ್ಬರ ಮನೆಯಿಂದ ನಮ್ಮ ಗ್ರಂಥಾಲಯಕ್ಕೆ ಹಳೆಯ ಜಪಾನಿ ಬಾವುಟ ಬಂದುಂಟು. ಬಿಳಿ ರೇಷ್ಮೆ, ನಡುವೆ ಕೆಂಪು ವೃತ್ತ, ಸುತ್ತ ಕಪ್ಪು ಮಸಿಯ ಬರಹ. ಆಗಸ್ಟ್ 15ರ ಪ್ರದರ್ಶನದಲ್ಲಿ ಇಡುವ ಎಂದು ಕೆಲವರು. ಶತ್ರುವಿನ ಬಾವುಟ ಆ ದಿನ ಯಾಕೆ ಎಂದು ಕೆಲವರು. ಮಡಿಕೆ ಬಿದ್ದಲ್ಲಿ ನೂಲು ಬಿರಿದುಂಟು. ತೊಳೆದು ಇಸ್ತ್ರಿ ಹಾಕಿದರೆ ಆಗ್ತದಾ?

ಹಳೆವಸ್ತ್ರ:
ತೊಳೆಯಬೇಡಿ. ಮಸಿ, ಕೆಂಪು ಬಣ್ಣ ಎರಡೂ ಹರಡಬಹುದು. ಇಸ್ತ್ರಿಯ ಬಿಸಿಗೆ ಹಳೆ ರೇಷ್ಮೆ ಪುಡಿಯಾಗ್ತದೆ. ಲ್ಯಾಮಿನೇಶನ್, ಸೆಲ್ಲೋಟೇಪ್, ಗುಂಡುಸೂಜಿ ಯಾವುದೂ ಬೇಡ. ಗಂಜಿ ಹಾಕದ, ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆಯ ಮೇಲೆ ಚಪ್ಪಟೆಯಾಗಿ ಹಾಸಿ, ಗಾಜು ಬಟ್ಟೆಗೆ ತಾಗದ ಹಾಗೆ 1 ಸೆಂ.ಮೀ. ಅಂತರ ಬಿಡಿ. ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ದಾಟಬಾರದು, ಕಿಟಕಿಯ ಎದುರಂತೂ ಬೇಡ. ಬೆಳಕಿನಿಂದ ಆದ ಹಾನಿ ಮತ್ತೆ ಸರಿಯಾಗುವುದಿಲ್ಲ. ನಮ್ಮಲ್ಲಿ ಆಗಸ್ಟ್ ಎಂದರೆ ಮಳೆ, ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುವ ಅಪಾಯ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ಅದು ಬಟ್ಟೆಗೆ ಮುಟ್ಟಬಾರದು. ಪ್ರದರ್ಶನ ಮುಗಿದ ಮೇಲೆ ಮಡಚದೆ, ಆಮ್ಲರಹಿತ ಕಾಗದ ಸುತ್ತಿದ ಕೊಳವೆಗೆ ಸುರುಳಿ ಸುತ್ತಿ.

ಇತಿಹಾಸ ಮೇಷ್ಟ್ರು:
ಬರಹ ಇದ್ದರೆ ಅದು ಪಡೆಯ ಧ್ವಜ ಅಲ್ಲ, ಯೊಸೆಗಾಕಿ ಹಿನೊಮಾರು. ಯುದ್ಧಕ್ಕೆ ಹೊರಟವನಿಗೆ ಮನೆಯವರು, ನೆರೆಕರೆಯವರು, ಕೆಲಸದ ಜಾಗದವರು ಹೆಸರು ಬರೆದು ಕೊಡುತ್ತಿದ್ದದ್ದು. ದೊಡ್ಡ ಅಕ್ಷರಗಳಲ್ಲಿರುವುದು ಹೆಚ್ಚಾಗಿ ಹಾರೈಕೆ. ಜಪಾನಿ ಸೈನ್ಯ ಹಿಡಿಯುತ್ತಿದ್ದ 16 ಕಿರಣಗಳ ಉದಯಸೂರ್ಯ ಧ್ವಜ ಬೇರೆ. ಕೊರಿಯಾದವರಿಗೆ ಸಿಟ್ಟಿರುವುದು ಅದರ ಮೇಲೆ. ಅದನ್ನು ಹಾರಿಸಬೇಡಿ ಎಂದದ್ದಕ್ಕೆ 2018ರ ಜೇಜು ನೌಕಾ ಪ್ರದರ್ಶನಕ್ಕೆ ಜಪಾನ್ ತನ್ನ ಹಡಗು ಕಳಿಸಲಿಲ್ಲ. ನಿಮ್ಮಲ್ಲಿರುವುದು ಒಬ್ಬ ಮನುಷ್ಯನ ಸೊತ್ತು, ಗೆದ್ದು ತಂದ ಪದಕದ ಹಾಗೆ ತೂಗುಹಾಕುವುದು ತಪ್ಪು.

ಪೆರ್ಲ:
ಆ ಗೌರವ ಒಪ್ಪಿದೆ, ಆದರೆ ಬಾವುಟದ ಪಕ್ಕ ಇಡುವ ವಿವರಣೆಯ ಚೀಟಿಯಲ್ಲಿ ಅಷ್ಟೇ ಬರೆದರೆ ಅನ್ಯಾಯ. ಜಪಾನ್ 1942ರಲ್ಲಿ ಅಂಡಮಾನ್ ಹಿಡಿಯಿತು. 1944 ಜನವರಿ 30ರಂದು ಅಲ್ಲಿನ ಹಂಫ್ರೀಗಂಜಿನಲ್ಲಿ 44 ಭಾರತೀಯರನ್ನು ಬೇಹುಗಾರರೆಂದು ಗುಂಡಿಕ್ಕಿ ಕೊಂದರು. ಅದೇ ವರ್ಷ ಇಂಫಾಲದಲ್ಲಿ ಆಜಾದ್ ಹಿಂದ್ ಫೌಜ್ ಜಪಾನಿಗಳ ಜೊತೆಗಿತ್ತು, ಎದುರಿಗೆ ಬ್ರಿಟಿಷ್ ಇಂಡಿಯನ್ ಸೈನ್ಯದಲ್ಲೂ ನಮ್ಮವರೇ. ಮೂರನ್ನೂ ಬರೆಯಿರಿ. ಅಂಡಮಾನಿನ ಸಾಲು ಸಣ್ಣಕ್ಷರದಲ್ಲಿ ಬೇಡ. ಇನ್ನೊಂದು: ರಾಷ್ಟ್ರಧ್ವಜದ ಸರಿಸಮಕ್ಕಾಗಲಿ ಅದಕ್ಕಿಂತ ಎತ್ತರಕ್ಕಾಗಲಿ ಬೇರೆ ಬಾವುಟ ಇಡಬಾರದೆಂದು 2002ರ ಧ್ವಜ ಸಂಹಿತೆಯಲ್ಲಿ ಉಂಟು. ಧ್ವಜಾರೋಹಣ ಅಂಗಳದಲ್ಲಾದರೆ ಇದನ್ನು ಒಳಕೋಣೆಯಲ್ಲಿಡಿ.

ಬದಿಯಡ್ಕ ಓದುಗ:
ಸರಿ, ಕೋಲಿಗೆ ಕಟ್ಟುವ ಆಲೋಚನೆ ಬಿಟ್ಟೆವು. ಬಾವುಟದವನ ಮನೆಯವರನ್ನು ಹುಡುಕಲಿಕ್ಕೆ ದಾರಿ ಉಂಟಾ?

ಇತಿಹಾಸ ಮೇಷ್ಟ್ರು:
ಉಂಟು. ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಓಬಾನ್ ಸೊಸೈಟಿ ಇದೇ ಕೆಲಸ ಮಾಡ್ತದೆ. ಮೊದಲು ಕೊಟ್ಟ ಮನೆಯವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ಇಡೀ ಬಾವುಟದ ಫೋಟೋ ಒಂದು, ಆಮೇಲೆ ನಾಲ್ಕು ಭಾಗ ಮಾಡಿ ಹತ್ತಿರದಿಂದ ನಾಲ್ಕು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಪ್ರದರ್ಶನಕ್ಕೆ ಅದೇ ಫೋಟೋದ ದೊಡ್ಡ ಪ್ರಿಂಟ್ ಸಾಕು, ಮೂಲ ಕಪಾಟಿನಲ್ಲಿರಲಿ.